ಆ ರಿಜಿಸ್ಟರಿನ ಒಂದು ಪುಟ

ಧಾರವಾಡದ ಕರ್ನಾಟಕ ಕಲಾ ಕಾಲೇಜು ಮತ್ತು ಕರ್ನಾಟಕ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರಿಗೆ, ಅಲ್ಲಿನ ಆಫೀಸಿನ ಸಿಬ್ಬಂದಿಗೆ, ಹಾಗೆಯೇ ಧಾರವಾಡ ಮತ್ತು ಬಳ್ಳಾರಿಯ ಎಲ್ಲರಿಗೂ,

ನಮಸ್ಕಾರ.

ನಾನು ಬೇರೆ ಊರಿನ ಕಾಲೇಜೊಂದರ ಆಫೀಸಿನಲ್ಲಿ 31 ವರ್ಷ ಗುಮಾಸ್ತನಾಗಿದ್ದವನು. ಈಗ ನಿವೃತ್ತನಾಗಿ ಧಾರವಾಡದಲ್ಲಿದ್ದೇನೆ. ಅಡ್ಮಿಷನ್, ಟಿಸಿ, ಸ್ಕಾಲರ್‌ಶಿಪ್ ಅಂತಲೇ ನನ್ನ ಆಯುಷ್ಯ ಕಳೆಯಿತು. ನಿಮ್ಮಲ್ಲಿ ಕೇಳಲು ಹೊರಟಿರುವುದೂ ಆಫೀಸಿನ ಕೆಲಸವೇ. ನಿಮ್ಮ ಹಳೇ ದಾಖಲಾತಿ ರಿಜಿಸ್ಟರುಗಳಲ್ಲಿ ಒಂದು ಹೆಸರು ಹುಡುಕಿಕೊಡಿ. ಹೆಸರು ಪಿಯೊ ಗಾಮಾ ಪಿಂಟೊ. ಹುಟ್ಟಿದ ತಾರೀಕು 31 ಮಾರ್ಚ್ 1927. ಹುಟ್ಟಿದ ಊರು ನೈರೋಬಿ. ವಿಜ್ಞಾನದ ವಿದ್ಯಾರ್ಥಿ, ಎರಡು ವರ್ಷ ಓದಿದ್ದು. 1941ರಿಂದ 1944ರವರೆಗಿನ ಪುಟಗಳನ್ನು ನೋಡಿದರೆ ಸಾಕು.

ಆ ಹುಡುಗ ಮುಂದೆ ಕೀನ್ಯಾ ದೇಶದ ಸ್ವಾತಂತ್ರ್ಯಕ್ಕಾಗಿ ಹೋರಾಡಿದರು. ಬ್ರಿಟಿಷರು ಅವರನ್ನು ವರ್ಷಗಟ್ಟಲೆ ಬಂಧನದಲ್ಲಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಪಾರ್ಲಿಮೆಂಟ್ ಸದಸ್ಯರಾದರು. 38 ತುಂಬುವ ಮೊದಲೇ ತಮ್ಮ ಮನೆಯ ಗೇಟಿನ ಹತ್ತಿರ ಗುಂಡೇಟಿಗೆ ಬಲಿಯಾದರು. ಸ್ವತಂತ್ರ ಕೀನ್ಯಾದ ಮೊದಲ ಹುತಾತ್ಮ ಎಂದು ಅಲ್ಲಿಯ ಜನ ಅವರನ್ನು ನೆನೆಯುತ್ತಾರೆ.

ನನಗೆ ಇದು ಹೇಗೆ ಗೊತ್ತಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

2010ರ ಸುಮಾರು ಇರಬೇಕು. ಅಡ್ಮಿಷನ್ ಗಲಾಟೆ ಮುಗಿದು ಆಫೀಸು ತಣ್ಣಗಾಗಿತ್ತು. ಕೀನ್ಯಾದ ಹುಡುಗನೊಬ್ಬ ಬೋನಫೈಡ್ ಸರ್ಟಿಫಿಕೇಟ್ ಕೇಳಿಕೊಂಡು ಬಂದ. ವೀಸಾ ಮುಂದುವರಿಸಲು ಬೇಕಿತ್ತು. ಅದು ಅವನು ಮೂರನೇ ಸಲ ಬಂದಿದ್ದು. ಮೊದಲೆರಡು ಸಲ ನಾನೇ ನಾಳೆ ಬಾ ಅಂತ ಕಳಿಸಿದ್ದೆ. ಅವನ ಹೆಸರು ನಮ್ಮ ಫಾರಂಗೆ ಹೊಂದುತ್ತಿರಲಿಲ್ಲ. ಇನಿಷಿಯಲ್ ಯಾವುದು, ತಂದೆಯ ಹೆಸರು ಯಾವುದು ಅಂತ ನನಗೆ ಗೊಂದಲ. ಜಾತಿಯ ಕಾಲಂನಲ್ಲಿ ಸುಮ್ನೆ ಒಂದು ಗೆರೆ ಎಳೆದಿದ್ದೆ. ಆಫೀಸಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಏ ಆಫ್ರಿಕಾ’ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ. ಇದನ್ನು ಬರೆಯುವಾಗ ಕೈ ನಡುಗುತ್ತದೆ, ಆದರೂ ಬರೆಯಲೇಬೇಕು.

ಅವತ್ತು ಸಹಿ ಆಗುವವರೆಗೆ ಕಾಯುತ್ತಾ ಅವನು ಬ್ಯಾಗಿನಿಂದ ಒಂದು ಕವರ್ ತೆಗೆದ. ಊರಿನಿಂದ ಬಂದದ್ದು. ಅದರ ಮೇಲೆ ಅಂಟಿಸಿದ್ದ ಅಂಚೆಚೀಟಿಯನ್ನು ಬೆರಳಿಟ್ಟು ತೋರಿಸಿದ. ಅದರಲ್ಲಿ ಒಬ್ಬರ ಮುಖ ಇತ್ತು. ‘ಸರ್, ಇವರು ನಮ್ಮ ದೇಶದ ದೊಡ್ಡ ವ್ಯಕ್ತಿ. ನಿಮ್ಮ ಧಾರವಾಡದಲ್ಲಿ ಕಾಲೇಜು ಓದಿದವರು’ ಅಂದ. ಆ ಮುಖ ನೋಡಿದರೆ ಗೋವಾದವರ ಹಾಗಿತ್ತು. ನಾನು ನಂಬಲಿಲ್ಲ. ‘ಬೇರೆ ಯಾವುದೋ ಊರು ಇರಬೇಕು ಬಿಡಪ್ಪಾ’ ಅಂದೆ. ಅವನು ಮರುಮಾತಾಡಲಿಲ್ಲ. ಕವರನ್ನು ಮಡಚದ ಹಾಗೆ ಪುಸ್ತಕದೊಳಗೆ ಇಟ್ಟುಕೊಂಡು, ಸರ್ಟಿಫಿಕೇಟ್ ತಗೊಂಡು ಹೋದ.

ನಿವೃತ್ತಿಯಾದ ಮೇಲೆ ಓದಲು ಹೊತ್ತು ಸಿಕ್ಕಿತು. ಆಗ ನೋಡಿದರೆ ಅವನು ಹೇಳಿದ್ದು ಅಕ್ಷರಶಃ ನಿಜ. 2008ರಲ್ಲಿ ಕೀನ್ಯಾ ಸರಕಾರ ತನ್ನ ವೀರರ ಹೆಸರಿನಲ್ಲಿ ನಾಲ್ಕು ಅಂಚೆಚೀಟಿ ಹೊರತಂದಿತ್ತು. ಅವುಗಳಲ್ಲಿ ಒಂದು ಪಿಂಟೊ ಅವರದು. ಅವರು ಓದಿದ್ದು ನಿಮ್ಮದೇ ಕಾಲೇಜಿನಲ್ಲಿ.

ಪಿಂಟೊ ಅವರ ತಂದೆ ಗೋವಾದವರು, ಕೀನ್ಯಾದ ವಸಾಹತು ಸರಕಾರದಲ್ಲಿ ನೌಕರಿ. ಆಗಿನ ಕೀನ್ಯಾದಲ್ಲಿ ಮನುಷ್ಯರನ್ನು ಮೂರು ಮೆಟ್ಟಿಲುಗಳ ಮೇಲೆ ನಿಲ್ಲಿಸಿದ್ದರು. ಮೇಲೆ ಬಿಳಿಯರು, ನಡುವೆ ಭಾರತದಿಂದ ಹೋದವರು, ಕೆಳಗೆ ಆ ನೆಲದ ಜನ. ಎತ್ತರದ ಫಲವತ್ತಾದ ಭೂಮಿಯೆಲ್ಲ ಬಿಳಿಯರಿಗೆ ಮೀಸಲು. ಆಫ್ರಿಕನ್ ಗಂಡಸು ತನ್ನ ಊರಿನ ಗಡಿ ದಾಟಬೇಕಾದರೆ ‘ಕಿಪಾಂಡೆ’ ಬೇಕು. ಅದು ಹೆಸರು, ಬೆರಳಚ್ಚು, ಕೆಲಸ ಕೊಟ್ಟ ಧಣಿಯ ವಿವರ ಬರೆದ ಕಾಗದ. ಒಂದು ಲೋಹದ ಡಬ್ಬಿಯಲ್ಲಿಟ್ಟು ಅದನ್ನು ಕೊರಳಿಗೆ ನೇತುಹಾಕಿಕೊಳ್ಳಬೇಕಿತ್ತು. ಧಣಿ ಅದರಲ್ಲಿ ಕೆಲಸ ಬಿಡಿಸಿದ್ದಾಗಿ ಬರೆಯದಿದ್ದರೆ ಬೇರೆ ಕಡೆ ಕೂಲಿಗೂ ಹೋಗುವಂತಿಲ್ಲ. ಜೀವನಪೂರ್ತಿ ಕಾಗದದ ಜೊತೆ ಕಳೆದ ನನಗೆ ಇದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಒಂದು ಕಾಗದವನ್ನು ಮನುಷ್ಯನ ಕೊರಳಿಗೆ ಗಂಟೆಯ ಹಾಗೆ ಕಟ್ಟಬಹುದು ಅಂತ ನಾನು ಎಣಿಸಿರಲಿಲ್ಲ.

ನಡುವಿನ ಮೆಟ್ಟಿಲಿನ ಮನೆಯಲ್ಲಿ ಹುಟ್ಟಿದ ಹುಡುಗನನ್ನು ಎಂಟನೇ ವಯಸ್ಸಿಗೆ ಓದಲು ಭಾರತಕ್ಕೆ ಕಳಿಸಿದರು. ಗೋವಾದ ಅರ್ಪೋರಾದಲ್ಲಿ ಶಾಲೆ. ಮೆಟ್ರಿಕ್ ಆದ ಮೇಲೆ ಘಟ್ಟ ಹತ್ತಿ ಧಾರವಾಡಕ್ಕೆ. ನಿಮ್ಮ ಕಾಲೇಜಿಗೆ ಆಗ ಇನ್ನೂ 25ರ ಆಸುಪಾಸು ವಯಸ್ಸು. 1917ರಲ್ಲಿ ಶುರುವಾದದ್ದು ಅಲ್ವಾ? ಒಂದು ಕಾಲಕ್ಕೆ ರೈಲ್ವೆ ಕಂಪನಿಯ ಕಚೇರಿಯಾಗಿದ್ದ ಆ ಕಲ್ಲಿನ ಕಟ್ಟಡದಲ್ಲಿ ಆಫ್ರಿಕಾದಲ್ಲಿ ಹುಟ್ಟಿ ಗೋವಾದಲ್ಲಿ ಬೆಳೆದ ಹದಿನೈದು ಹದಿನಾರರ ಹುಡುಗ ಓಡಾಡಿದ್ದಾನೆ. ನಮ್ಮ ಮಳೆ ಕಂಡಿದ್ದಾನೆ. ಪೇಡೆಯನ್ನೂ ತಿಂದಿರಬೇಕು.

ಆ ವರ್ಷಗಳನ್ನು ನೆನಪು ಮಾಡಿಕೊಳ್ಳಿ. 1942ರ ಆಗಸ್ಟ್‌ನಲ್ಲಿ ಗಾಂಧೀಜಿ ‘ಬ್ರಿಟಿಷರೇ ಭಾರತ ಬಿಟ್ಟು ತೊಲಗಿ’ ಎಂದರು. ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಬಾಲಕ ಪೊಲೀಸರ ಗುಂಡಿಗೆ ಸತ್ತ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಮತ್ತು ಜೊತೆಗಾರರು ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ ಪ್ರಾಣ ಕೊಟ್ಟರು. ಆಗ ಹೊಸರಿತ್ತಿ ಧಾರವಾಡ ಜಿಲ್ಲೆಯಲ್ಲೇ ಇತ್ತು. ಜಿಲ್ಲೆಯ ಹಾಸ್ಟೆಲುಗಳಲ್ಲಿ, ಚಹಾದ ಅಂಗಡಿಗಳಲ್ಲಿ ಇದೇ ಮಾತು. ಪಿಂಟೊ ಅವರ ಕಿವಿ ಇದಕ್ಕೆಲ್ಲ ಮುಚ್ಚಿರಲು ಸಾಧ್ಯವೇ ಇಲ್ಲ ಅಂತ ನನ್ನ ಗಟ್ಟಿ ನಂಬಿಕೆ. ಯಾಕೆಂದರೆ ಮುಂದಿನ ಕೆಲವೇ ವರ್ಷಗಳಲ್ಲಿ ಅವರು ಮಾಡಿದ್ದೆಲ್ಲ ಇದರ ಮುಂದುವರಿಕೆಯೇ.

1944ರಲ್ಲಿ ವಾಯುಪಡೆಯಲ್ಲಿ ಅಪ್ರೆಂಟಿಸ್ ಆದರು. ಆಮೇಲೆ ಮುಂಬೈಯ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕೆಲಸ. ಅಲ್ಲಿ ನೌಕರರ ಮುಷ್ಕರಕ್ಕೆ ಇಳಿದರು. ಗೋವಾವನ್ನು ಪೋರ್ಚುಗೀಸರಿಂದ ಬಿಡಿಸಬೇಕೆಂದು ಕಟ್ಟಿದ ಗೋವಾ ನ್ಯಾಷನಲ್ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದರು. ಪೋರ್ಚುಗೀಸರು ಹಿಡಿಯುವ ಮೊದಲು, 1949ರಲ್ಲಿ, ಹುಟ್ಟಿದೂರು ನೈರೋಬಿಗೆ ಮರಳಿದರು.

ಅಲ್ಲಿ ಬೇಕಾದರೆ ಒಂದು ಒಳ್ಳೆ ನೌಕರಿ ಹಿಡಿದು ತಣ್ಣಗೆ ಇರಬಹುದಿತ್ತು. ನಡುವಿನ ಮೆಟ್ಟಿಲು ಅಷ್ಟೇನೂ ಕಷ್ಟದ ಜಾಗವಾಗಿರಲಿಲ್ಲ. ಪಿಂಟೊ ಸ್ವಾಹಿಲಿ ಕಲಿತರು. ಕಾರ್ಮಿಕ ಸಂಘಗಳಲ್ಲಿ, ಪತ್ರಿಕೆಯಲ್ಲಿ ದುಡಿದರು. ಈ ದಾರಿಯಲ್ಲಿ ಅವರೊಬ್ಬರೇ ಇರಲಿಲ್ಲ. ಪಂಜಾಬಿನಿಂದ ಹೋಗಿದ್ದ ಮಖನ್ ಸಿಂಗ್ ಅವರು 1950ರಲ್ಲೇ ‘ಉಹುರು ಸಾಸಾ’, ಅಂದರೆ ಸ್ವಾತಂತ್ರ್ಯ ಈಗಲೇ ಬೇಕು, ಎಂದು ಕೇಳಿ ಹನ್ನೊಂದು ವರ್ಷ ನಿರ್ಬಂಧದಲ್ಲಿ ಕಳೆದರು.

1952ರ ಅಕ್ಟೋಬರ್ 20ರಂದು ಕೀನ್ಯಾದಲ್ಲಿ ತುರ್ತುಪರಿಸ್ಥಿತಿ ಬಂತು. ಭೂಮಿಗಾಗಿ, ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ವಿರುದ್ಧ ಆಯುಧ ಹಿಡಿದ ಮೌ ಮೌ ಹೋರಾಟಗಾರರು ಕಾಡು ಸೇರಿದ್ದರು. ಮುಂದೆ ಕೀನ್ಯಾದ ಮೊದಲ ಅಧ್ಯಕ್ಷರಾದ ಜೋಮೋ ಕೆನ್ಯಾಟ್ಟಾ ಮತ್ತು ಇನ್ನೂ ಐವರನ್ನು ಹಿಡಿದು ಕಾಪೆಂಗುರಿಯಾ ಎಂಬ ದೂರದ ಊರಿನಲ್ಲಿ ವಿಚಾರಣೆ ನಡೆಸಿದರು. ಅವರ ಪರವಾಗಿ ವಾದಿಸಲು ಹೋದ ವಕೀಲರಲ್ಲಿ ನಮ್ಮ ದೇಶದ ದಿವಾನ್ ಚಮನ್ ಲಾಲ್ ಅವರೂ ಇದ್ದರು. ಆ ವಕೀಲರಿಗೆ ಬೇಕಾದ ಕಾಗದಪತ್ರ ಹೊಂದಿಸುವ ಓಡಾಟದಲ್ಲಿ ಪಿಂಟೊ ಇದ್ದರು. ಕಾಡಿನಲ್ಲಿದ್ದವರಿಗೂ ಗುಟ್ಟಾಗಿ ನೆರವು ಕಳಿಸುತ್ತಿದ್ದರು.

1954ರ ಜನವರಿಯಲ್ಲಿ ಅವರ ಮದುವೆ. ಹೆಂಡತಿಯ ಹೆಸರು ಎಮ್ಮಾ. ಮದುವೆಯಾಗಿ ಐದೇ ತಿಂಗಳಿಗೆ ಪೊಲೀಸರು ಬಂದು ಕರೆದೊಯ್ದರು. ಇಟ್ಟದ್ದು ಲಾಮು ಹತ್ತಿರದ ಮಾಂಡಾ ದ್ವೀಪದಲ್ಲಿ, 1957ರವರೆಗೆ. ಆಮೇಲೂ ಬಿಡಲಿಲ್ಲ. ಕಬಾರ್ನೆಟ್ ಎಂಬ ಊರಿನಿಂದ ಹೊರಗೆ ಹೋಗದಂತೆ 1959ರ ಅಕ್ಟೋಬರ್‌ವರೆಗೆ ತಡೆದರು. ಮದುವೆಯಾದ ಹೊಸತರ ಐದು ವರ್ಷ ಹೀಗೇ ಹೋಯಿತು.

ಹೊರಬಂದ ಮೇಲೆ ಅವರು ಮೊದಲು ನೋಡಿದ್ದು ಇನ್ನೂ ಒಳಗಿದ್ದವರನ್ನು, ಅವರ ಮನೆಯವರನ್ನು. ಅವರಿಗಾಗಿ ಹಣ ಕೂಡಿಸಿದರು. 1960ರಲ್ಲಿ ‘ಸೌತಿ ಯಾ ಕಾನು’ ಪತ್ರಿಕೆ ಶುರು ಮಾಡಿದರು. ‘ಕಾನು’ ಎಂದರೆ ಕೆನ್ಯಾಟ್ಟಾ ಅವರ ಪಕ್ಷ, ‘ಸೌತಿ’ ಎಂದರೆ ದನಿ. ಮುಂದೆ ಪ್ಯಾನ್ ಆಫ್ರಿಕನ್ ಪ್ರೆಸ್ ನಡೆಸಿದರು. 1963ರ ಡಿಸೆಂಬರ್ 12ಕ್ಕೆ ಕೀನ್ಯಾ ಸ್ವತಂತ್ರವಾಯಿತು. 1964ರಲ್ಲಿ ಪಿಂಟೊ ಪಾರ್ಲಿಮೆಂಟಿಗೆ ಬಂದರು. ಹೊಸ ದೇಶದ ಕಾರ್ಯಕರ್ತರಿಗೆ ಪಾಠ ಹೇಳಲು ಅದೇ ವರ್ಷ ಲುಮುಂಬಾ ಇನ್‌ಸ್ಟಿಟ್ಯೂಟ್ ಕಟ್ಟಿದರು.

ಇಷ್ಟೆಲ್ಲ ಆದಮೇಲೆ ಜಗಳ ಶುರುವಾಯಿತು. ವಿಷಯ ಭೂಮಿಯದು. ಬಿಳಿಯರು ಬಿಟ್ಟುಹೋಗುತ್ತಿದ್ದ ಜಮೀನು ಯಾರಿಗೆ ಸೇರಬೇಕು? ಕಾಡಿನಲ್ಲಿ ಹೋರಾಡಿದವರು, ಮನೆ ಸುಟ್ಟುಕೊಂಡವರು ಇನ್ನೂ ಬರಿಗೈಲಿದ್ದರು. ಅಧಿಕಾರಕ್ಕೆ ಹತ್ತಿರವಿದ್ದವರು ಎಕರೆಗಟ್ಟಲೆ ಮಾಡಿಕೊಳ್ಳುತ್ತಿದ್ದರು. ಪಿಂಟೊ ಬರಿಗೈಲಿದ್ದವರ ಪರ ನಿಂತರು. ಆಗ ಉಪಾಧ್ಯಕ್ಷರಾಗಿದ್ದ ಓಗಿಂಗಾ ಒಡಿಂಗಾ ಅವರ ಜೊತೆಗಿದ್ದರು. ಯಾವ ಕೆನ್ಯಾಟ್ಟಾ ಅವರನ್ನು ಬಿಡಿಸಲು ಹಗಲೂ ರಾತ್ರಿ ಓಡಾಡಿದ್ದರೋ, ಅದೇ ಕೆನ್ಯಾಟ್ಟಾ ಅವರ ಸರಕಾರವನ್ನೇ ಎದುರು ಹಾಕಿಕೊಂಡರು. ನನಗೆ ಪಿಂಟೊ ಅವರ ಬಗ್ಗೆ ಇರುವ ಗೌರವದ ಮುಕ್ಕಾಲು ಪಾಲು ಇಲ್ಲಿಯದು. ಹೊರಗಿನವರನ್ನು ಎದುರಿಸಿದವರು ಬಹಳ ಜನ. ನಮ್ಮವರೇ ತಪ್ಪು ಮಾಡಿದಾಗ ಎದ್ದು ನಿಂತವರು ಜಾಸ್ತಿ ಸಿಗುವುದಿಲ್ಲ.

1965ರ ಫೆಬ್ರವರಿ 24, ಬೆಳಿಗ್ಗೆ. ನೈರೋಬಿಯ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಅವರ ಮನೆ. ಕಾರು ಹೊರಗೆ ತೆಗೆಯುತ್ತಿದ್ದರು. ಪುಟ್ಟ ಮಗಳು ಕಾರಿನಲ್ಲೇ ಇದ್ದಳು. ಗೇಟು ತೆರೆಯಲಿ ಅಂತ ನಿಲ್ಲಿಸಿದ್ದಾಗ ತೀರ ಹತ್ತಿರದಿಂದ ಗುಂಡು ಹಾರಿಸಿದರು. ಮಗುವಿಗೆ ಏನೂ ಆಗಲಿಲ್ಲ. ಅಪ್ಪ ಸ್ಟೇರಿಂಗ್ ಮುಂದೆಯೇ ಹೋದರು. ಮೂರು ದಿನ ಹಿಂದಷ್ಟೇ ನ್ಯೂಯಾರ್ಕಿನಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಅವರನ್ನು ಕೊಂದಿದ್ದರು. ಅವರೂ ಪಿಂಟೊ ಅವರೂ ಹಿಂದಿನ ವರ್ಷವಷ್ಟೇ ನೈರೋಬಿಯಲ್ಲಿ ಭೇಟಿಯಾಗಿದ್ದರು.

ಕಿಸಿಲು ಮುಟುವಾ ಎಂಬ ಬಡ ಯುವಕನನ್ನು ಹಿಡಿದು ಗಲ್ಲು ಶಿಕ್ಷೆ ಕೊಟ್ಟರು. ಅದು ಜೀವಾವಧಿಯಾಯಿತು. 36 ವರ್ಷ ಜೈಲಿನಲ್ಲಿದ್ದು 2001ರಲ್ಲಿ ಹೊರಬಂದಾಗ ಅವರು ಮುದುಕರಾಗಿದ್ದರು. ನಾನು ಕೊಂದಿಲ್ಲ ಅಂತಲೇ ಹೇಳುತ್ತ ಬಂದರು. ಕೊಲೆ ಮಾಡಿಸಿದವರು ಯಾರು ಎಂಬುದಕ್ಕೆ ಯಾವ ಕೋರ್ಟೂ ಉತ್ತರ ಕೊಡಲಿಲ್ಲ.

ಈಗ ಬಳ್ಳಾರಿಯವರಿಗೆ ಒಂದು ಮಾತು.

ಪಿಂಟೊ ಅವರಿಗೆ ಒಬ್ಬ ಜೀವದ ಗೆಳೆಯರಿದ್ದರು, ಜೋಸೆಫ್ ಮುರುಂಬಿ. 1911ರಲ್ಲಿ ಹುಟ್ಟಿದವರು. ತಂದೆ ಗೋವಾದ ವ್ಯಾಪಾರಿ, ತಾಯಿ ಮಸಾಯಿ ಬುಡಕಟ್ಟಿನವರು. ಚಿಕ್ಕಂದಿನಲ್ಲೇ ಅವರನ್ನು ಓದಲು ಕಳಿಸಿದ್ದು ಎಲ್ಲಿಗೆ ಗೊತ್ತಾ? ಬೆಂಗಳೂರಿನ ಕಾನ್ವೆಂಟಿಗೆ, ಆಮೇಲೆ ಬಳ್ಳಾರಿಯ ಹೈಸ್ಕೂಲಿಗೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬಳ್ಳಾರಿಯ ಬಿಸಿಲಿನಲ್ಲಿ ಆಡಿ ಬೆಳೆದ ಆ ಮಸಾಯಿ ತಾಯಿಯ ಮಗ ಮುಂದೆ ಕೀನ್ಯಾದ ವಿದೇಶಾಂಗ ಮಂತ್ರಿಯಾದರು. 1966ರಲ್ಲಿ ದೇಶದ ಎರಡನೇ ಉಪಾಧ್ಯಕ್ಷರಾದರು. ಕೆಲವೇ ತಿಂಗಳಲ್ಲಿ ಆ ಕುರ್ಚಿ ಬಿಟ್ಟು ಎದ್ದುಬಂದರು. ಗೆಳೆಯನ ಕೊಲೆಯಾದ ಮೇಲೆ ರಾಜಕೀಯದಲ್ಲಿ ಅವರಿಗೆ ಮನಸ್ಸು ನಿಲ್ಲಲಿಲ್ಲ.

ಆಮೇಲೆ ಮುರುಂಬಿ ಮಾಡಿದ ಕೆಲಸ ನನ್ನಂಥ ಗುಮಾಸ್ತನಿಗೆ ದೇವರ ಕೆಲಸದಂತೆ ಕಾಣುತ್ತದೆ. ಅವರು ಕಾಗದ ಉಳಿಸಿದರು. ಆಫ್ರಿಕಾದ ಬಗ್ಗೆ ಎಲ್ಲಿ ಏನು ಸಿಕ್ಕರೂ ಕೂಡಿಟ್ಟರು. ಪುಸ್ತಕ, ಹಸ್ತಪ್ರತಿ, ಅಂಚೆಚೀಟಿ, ಮುಖವಾಡ, ಬಟ್ಟೆ. 1900ಕ್ಕಿಂತ ಹಿಂದೆ ಅಚ್ಚಾದ ಪುಸ್ತಕಗಳೇ 8,000ಕ್ಕೂ ಜಾಸ್ತಿ. ಹೊರದೇಶದವರಿಗೆ ಮಾರಿ ದುಡ್ಡು ಮಾಡಬಹುದಿತ್ತು. ಅವು ತಮ್ಮ ದೇಶದಲ್ಲೇ ಉಳಿಯಬೇಕೆಂದು ಹಟ ಹಿಡಿದರು. ಇವತ್ತು ನೈರೋಬಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋದರೆ ಮುರುಂಬಿ ಗ್ಯಾಲರಿಯೇ ಇದೆ. 1990ರಲ್ಲಿ ತೀರಿಕೊಂಡರು. ಪಿಂಟೊ ಅವರ ಹತ್ತಿರವೇ ನನ್ನನ್ನು ಮಣ್ಣು ಮಾಡಿ ಅಂತ ಹೇಳಿಟ್ಟಿದ್ದರು. ಹಾಗಾಗಿ ನೈರೋಬಿಯ ಸಿಟಿ ಪಾರ್ಕಿನಲ್ಲಿ ಇಬ್ಬರೂ ಹತ್ತಿರ ಹತ್ತಿರ ಮಲಗಿದ್ದಾರೆ. ಒಬ್ಬರು ಧಾರವಾಡದಲ್ಲಿ ಓದಿದವರು, ಇನ್ನೊಬ್ಬರು ಬಳ್ಳಾರಿಯಲ್ಲಿ.

ಮಂಡೇಲಾ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು, ಅದು ಸಂತೋಷದ ವಿಷಯವೇ. ಆದರೆ ನಮ್ಮ ನೀರು ಕುಡಿದು ಹೋದ ಈ ಇಬ್ಬರು ಯಾಕೆ ಗೊತ್ತಿಲ್ಲ? ಇವರ ಕಥೆ ಗೊತ್ತಿದ್ದಿದ್ದರೆ ನಾನು ಆ ಹುಡುಗನನ್ನು ಕೌಂಟರಿನ ಆಚೆ ನಿಲ್ಲಿಸಿ ಮೂರು ಸಲ ಅಲೆಸುತ್ತಿರಲಿಲ್ಲ. ಇದನ್ನು ನಾನು ಎದೆ ಮುಟ್ಟಿಕೊಂಡು ಹೇಳಬಲ್ಲೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಕೈ ಮಾಡಿತು. ಸುಡಾನಿನ ಬೇರೊಬ್ಬ ವಿದ್ಯಾರ್ಥಿಯ ಕಾರು ಅಪಘಾತ ಮಾಡಿತ್ತು. ಆ ಹುಡುಗಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ, ಮೈಬಣ್ಣವೊಂದನ್ನು ಬಿಟ್ಟರೆ. ಅಷ್ಟು ದೂರ ಯಾಕೆ, ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿ ಜನ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಇವತ್ತಿಗೂ ಯಾವ ದೇಶದವರು ಅಂತ ಕೇಳುವವರಿದ್ದಾರೆ. ಅವರು ತಲೆತಲಾಂತರದಿಂದ ಇಲ್ಲಿಯವರು, ಕನ್ನಡ ಮಾತಾಡುವವರು.

ಅದಕ್ಕೇ ಆ ಪುಟ ಬೇಕು. ಎಲ್ಲರೂ ಓದಿದರೂ ಅಲ್ಲೆಲ್ಲೋ ದೂರದ ಕಥೆ ಅಂತ ಮರೆತುಬಿಡುತ್ತಾರೆ. ನಮ್ಮೂರಿನ ರಿಜಿಸ್ಟರಿನಲ್ಲಿ, ನಮ್ಮವರ ಹೆಸರುಗಳ ನಡುವೆ, ಒಂದು ಸಾಲಿನಲ್ಲಿ ಪಿಂಟೊ ಅವರ ಹೆಸರು ಇದೆ ಅಂತ ಕಣ್ಣಾರೆ ಕಂಡರೆ ಮರೆಯುವುದಿಲ್ಲ.

ಹುಡುಕುವ ವಿಧಾನ ಹೇಳುತ್ತೇನೆ, ಇದು ನನಗೆ ಗೊತ್ತಿರುವ ವಿದ್ಯೆ. ‘ಪಿ’ ಅಕ್ಷರದಲ್ಲಿ ಸಿಗದಿದ್ದರೆ ‘ಜಿ’ ಅಕ್ಷರದಲ್ಲಿ ನೋಡಿ. ಗಾಮಾ ಎಂಬುದನ್ನು ಗುಮಾಸ್ತರು ಮುಂದೆ ಬರೆದಿರಬಹುದು. ಹೆಸರಿನ ಕಾಗುಣಿತ ನಂಬಬೇಡಿ, ಹುಟ್ಟಿದ ತಾರೀಕು ಮತ್ತು ಜನ್ಮಸ್ಥಳದ ಕಾಲಂ ಹಿಡಿದು ಹೋಗಿ. ಹಿಂದಿನ ಶಾಲೆಯ ಕಾಲಂನಲ್ಲಿ ಗೋವಾ ಅಂತ ಕಂಡ ಕಡೆಯೆಲ್ಲ ನಿಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ಮೊದಲು ನಿಮ್ಮ ಕಾಲೇಜು ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಹಾಗಾಗಿ ಪರೀಕ್ಷೆಯ ಯಾದಿಗಾಗಿ ಅಲ್ಲಿಗೂ ಒಂದು ಪತ್ರ ಬರೆಯಿರಿ. ಕಲಾ ಕಾಲೇಜಿನವರೂ ವಿಜ್ಞಾನ ಕಾಲೇಜಿನವರೂ ಇಬ್ಬರೂ ಕಪಾಟು ತೆಗೆಯಬೇಕು, ಆಗ ಎಲ್ಲ ಒಂದೇ ಆಗಿತ್ತಲ್ಲ. ಬಳ್ಳಾರಿಯ ಹಳೇ ಹೈಸ್ಕೂಲುಗಳ ಮುಖ್ಯೋಪಾಧ್ಯಾಯರೂ ದಯವಿಟ್ಟು 1920ರ ದಶಕದ ರಿಜಿಸ್ಟರುಗಳನ್ನು ಬಿಚ್ಚಿ ನೋಡಿ. ಅಲ್ಲಿ ಮುರುಂಬಿ ಎಂದಿರಲಿಕ್ಕಿಲ್ಲ. ತಂದೆಯ ಮನೆತನದ ಹೆಸರು ಜುಜಾರ್ಟೆ.

ತಡ ಮಾಡಬೇಡಿ. ನಾನು ಕೆಲಸ ಮಾಡಿದ ಕಾಲೇಜಿನಲ್ಲಿ ಒಮ್ಮೆ ಸುಣ್ಣಬಣ್ಣ ಮಾಡುವಾಗ ಮೂವತ್ತು ವರ್ಷದ ಹಳೇ ರಿಜಿಸ್ಟರುಗಳನ್ನು ರದ್ದಿಗೆ ಹಾಕಿದರು. ನಾನು ರಜೆಯಲ್ಲಿದ್ದೆ. ಬಂದು ನೋಡಿದರೆ ಕಪಾಟು ಖಾಲಿ. ತೂಕಕ್ಕೆ ಎಷ್ಟು ಸಿಕ್ಕಿತು ಅಂತ ಚೀಟಿ ಮಾತ್ರ ಇತ್ತು.

ಪುಟ ಸಿಕ್ಕರೆ ಅದರ ಒಳ್ಳೆಯ ನಕಲು ತೆಗೆಸಿ ಲೈಬ್ರರಿಯಲ್ಲಿ ಕಟ್ಟು ಹಾಕಿಸಿ ಇಡಿ. ಇನ್ನೊಂದು ನಕಲನ್ನು ನೈರೋಬಿಯ ಪತ್ರಾಗಾರಕ್ಕೆ ಕಳಿಸಿ, ಮುರುಂಬಿ ಅವರ ಪುಸ್ತಕಗಳ ಜೊತೆ ಇರಲಿ. ಫೆಬ್ರವರಿ 24ರಂದು ಒಂದು ಗಂಟೆ ಹೊತ್ತು ಮಕ್ಕಳನ್ನು ಕೂಡಿಸಿ ಈ ಕಥೆ ಹೇಳಿ. ಧಾರವಾಡ, ಹುಬ್ಬಳ್ಳಿಯಲ್ಲಿ ಓದುವ ಆಫ್ರಿಕಾದ ವಿದ್ಯಾರ್ಥಿಗಳಿದ್ದರೆ ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ. ಅವರ ಹೆಸರುಗಳನ್ನು ಮೊದಲೇ ಕೇಳಿ, ಸರಿಯಾಗಿ ಕರೆಯಲು ಕಲಿತುಕೊಳ್ಳಿ.

ಸಿಬ್ಬಂದಿ ಕಡಿಮೆ, ಕೆಲಸ ಜಾಸ್ತಿ ಅಂತ ನನಗೆ ಗೊತ್ತು. ಅದಕ್ಕೆ ನಾನೇ ಬರುತ್ತೇನೆ. ಒಪ್ಪಿಗೆ ಕೊಟ್ಟರೆ ಸಾಕು, ಸಂಬಳ ಭತ್ಯೆ ಏನೂ ಬೇಡ. ಹಳೇ ಕಾಗದ ಹೇಗೆ ಮುಟ್ಟಬೇಕು ಅಂತ ಗೊತ್ತಿದೆ. ಮೆತ್ತನೆ ಬ್ರಷ್, ಒಗೆದ ಹತ್ತಿ ಬಟ್ಟೆ, ಮಾಸ್ಕ್ ಎಲ್ಲ ನನ್ನ ಹತ್ತಿರವೇ ಇವೆ. ಕಣ್ಣಿನ ಆಪರೇಷನ್ ಆಗಿದೆ, ಈಗ ಸಣ್ಣ ಅಕ್ಷರವೂ ಕಾಣುತ್ತದೆ. ಬೆಳಿಗ್ಗೆ ಹತ್ತೂವರೆಗೆ ಬಂದು ಸಂಜೆ ಐದರವರೆಗೆ ಕೂರಬಲ್ಲೆ. ಕಿಟಕಿಯ ಹತ್ತಿರ ಒಂದು ಮೇಜು, ಒಂದು ಸ್ಟೂಲು ಕೊಡಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗುಮಾಸ್ತ
ಧಾರವಾಡ